ಲೈನ್ ಕಾರ್ಡ್ (ದೂರಸಂಪರ್ಕ ರೌಟರ್)

ದೂರಸಂಪರ್ಕ ಸಂಸ್ಥೆಗಳ ದೊಡ್ಡ ರೌಟರ್‌ಗಳ ಸ್ಲಾಟ್‌ನಲ್ಲಿ ಕೂರಿಸುವ, ಫೈಬರ್ ಕೇಬಲ್ ಬಂದು ಸೇರುವ ಎಲೆಕ್ಟ್ರಾನಿಕ್ ಫಲಕಕ್ಕೆ ಲೈನ್ ಕಾರ್ಡ್ ಎಂದು ಹೆಸರು. ನೆರೆಯ ರೌಟರ್‌ಗಳಿಂದ ಮಾಹಿತಿ ಪಡೆದು ಮಾರ್ಗಗಳ ಪಟ್ಟಿ ತಯಾರಿಸುವುದು ರೌಟ್ ಪ್ರೊಸೆಸರ್ ಎಂಬ ಬೇರೆ ಕಾರ್ಡ್. ಆ ಪಟ್ಟಿಯ ನಕಲು ಲೈನ್ ಕಾರ್ಡಿನಲ್ಲೂ ಇರುವುದರಿಂದ, ಬಂದ ಪ್ಯಾಕೆಟ್ (ಮಾಹಿತಿಯ ತುಣುಕು) ಯಾವ ಕಡೆ ಹೋಗಬೇಕೆಂಬ ತೀರ್ಮಾನ ಅಲ್ಲೇ ಆಗಿಬಿಡುತ್ತದೆ. ರೌಟರ್‌ನ ನಿಜವಾದ ದುಡಿಮೆ ನಡೆಯುವುದು ಇಲ್ಲಿ.

ಈ ದುಡಿಮೆಗೆ ಸಿಗುವ ಸಮಯ ತೀರಾ ಕಡಿಮೆ. ಈಥರ್‌ನೆಟ್‌ನ ಪ್ಯಾಕೆಟ್ ಹೊತ್ತ ಅತಿ ಚಿಕ್ಕ ಫ್ರೇಮ್ 64 ಬೈಟ್. ಆರಂಭದ ಸಂಕೇತ ಮತ್ತು ನಡುವಿನ ತೆರಪು ಸೇರಿಸಿದರೆ 84 ಬೈಟ್. 100 ಗಿಗಾಬಿಟ್ ಪೋರ್ಟಿಗೆ ಇಂಥವು ಸೆಕೆಂಡಿಗೆ ಸುಮಾರು 14.88 ಕೋಟಿ ಬರಬಹುದು, ಅಂದರೆ ಒಂದಕ್ಕೆ 6.7 ನ್ಯಾನೋಸೆಕೆಂಡ್. 400 ಗಿಗಾಬಿಟ್ ಪೋರ್ಟಿನಲ್ಲಿ ಈ ಅವಧಿ 1.7 ನ್ಯಾನೋಸೆಕೆಂಡಿಗೆ ಇಳಿಯುತ್ತದೆ. ಸಾಮಾನ್ಯ ಡಿರ್ಯಾಮ್ ಮೆಮರಿಯಿಂದ ಒಂದು ಮಾಹಿತಿ ಹೊರತೆಗೆಯಲು ಹತ್ತಾರು ನ್ಯಾನೋಸೆಕೆಂಡ್ ಬೇಕು. ಹಾಗಾಗಿ ಲೈನ್ ಕಾರ್ಡ್ ವಿನ್ಯಾಸಕರ ದೊಡ್ಡ ತಲೆನೋವು ಮೆಮರಿಯೇ.

ಇದಕ್ಕೆ ಕಂಡುಕೊಂಡ ಪರಿಹಾರಗಳಲ್ಲಿ ಟಿಕ್ಯಾಮ್ ಎಂಬ ವಿಶೇಷ ಮೆಮರಿ ಮುಖ್ಯವಾದದ್ದು. ಹುಡುಕುವ ವಿಳಾಸವನ್ನು ಅದು ತನ್ನೊಳಗಿನ ಎಲ್ಲ ನಮೂದುಗಳೊಂದಿಗೂ ಏಕಕಾಲಕ್ಕೆ ಹೋಲಿಸಿ ನೋಡುತ್ತದೆ. ಆದರೆ ಅದು ದುಬಾರಿ, ವಿದ್ಯುತ್ತನ್ನೂ ಬಹಳ ನುಂಗುತ್ತದೆ; ಬೇಕಾದಷ್ಟು ಹಾಕಿಕೊಳ್ಳಲು ಆಗುವುದಿಲ್ಲ. ಈ ಮಿತಿ ಏನು ಮಾಡಬಲ್ಲದು ಎಂಬುದು 2014ರ ಆಗಸ್ಟ್ 12ರಂದು ಜಗತ್ತಿಗೆ ತಿಳಿಯಿತು. ಅಂದು ಅಂತರಜಾಲದ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರ ಮಾರ್ಗಗಳ ಸಂಖ್ಯೆ 5.12 ಲಕ್ಷದ ಗಡಿ ದಾಟಿತು. ಅನೇಕ ಹಳೆಯ ಕಾರ್ಡುಗಳಲ್ಲಿ ಐಪಿವಿ4ಗೆ ಮೊದಲೇ ಮೀಸಲಿಟ್ಟಿದ್ದ ಜಾಗವೂ ಅಷ್ಟೇ. ಹೊಸ ಮಾರ್ಗಗಳಿಗೆ ಎಡೆಯಿಲ್ಲದೆ ಹಲವು ಜಾಲಗಳು ನಿಧಾನವಾದವು, ಕೆಲವು ಕಡಿದುಹೋದವು. ಹೊಸ ವಿಳಾಸ ಪದ್ಧತಿಯಾದ ಐಪಿವಿ6ಗೆ ಇಟ್ಟ ಜಾಗವನ್ನು ಕಿತ್ತು ಐಪಿವಿ4ಗೆ ಕೊಟ್ಟು ಯಂತ್ರಗಳನ್ನು ಮರುಚಾಲನೆ ಮಾಡಬೇಕಾಯಿತು. ಗಡಿ ಹತ್ತಿರವಾಗುತ್ತಿದೆ ಎಂಬ ಎಚ್ಚರಿಕೆ ತಿಂಗಳುಗಳ ಮೊದಲೇ ಬಂದಿತ್ತು ಎಂಬುದನ್ನು ಮರೆಯಬಾರದು. ಇಂದು ಆ ಪಟ್ಟಿ 9 ಲಕ್ಷ ಮೀರಿದೆ.

ದಾರಿ ತೀರ್ಮಾನವಾದ ಪ್ಯಾಕೆಟ್, ಕಾರ್ಡುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ ಫ್ಯಾಬ್ರಿಕ್ ದಾಟಿ ಇನ್ನೊಂದು ಕಾರ್ಡಿಗೆ ಹೋಗುತ್ತದೆ. ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ, ಮುಂದಿರುವ ಪ್ಯಾಕೆಟ್ಟಿನ ದಾರಿ ಕಟ್ಟಿದಾಗ ಹಿಂದಿನವೂ ಸುಮ್ಮನೆ ಕಾಯಬೇಕಾಗುತ್ತದೆ. ಅದನ್ನು ತಪ್ಪಿಸಲು ಒಳಬರುವ ಕಾರ್ಡಿನಲ್ಲೇ ಪ್ರತಿಯೊಂದು ನಿರ್ಗಮನ ಪೋರ್ಟಿಗೂ ಪ್ರತ್ಯೇಕ ಸಾಲು ಇಡುವುದು ಈಗ ರೂಢಿ.

ಸಾಮರ್ಥ್ಯ ಬೆಳೆದ ವೇಗ ಬೆರಗು ಹುಟ್ಟಿಸುವಂಥದ್ದು. ರೌಟರ್ ತಯಾರಕ ಸಂಸ್ಥೆ ಸಿಸ್ಕೋ 2004ರಲ್ಲಿ ತಂದ ಸಿಆರ್‌ಎಸ್-1 ರೌಟರ್‌ನಲ್ಲಿ ಒಂದು ಸ್ಲಾಟಿನ ಸಾಮರ್ಥ್ಯ ಸೆಕೆಂಡಿಗೆ 40 ಗಿಗಾಬಿಟ್. ಅದರ ಪ್ಯಾಕೆಟ್ ಪ್ರೊಸೆಸರ್ ಚಿಪ್‌ನಲ್ಲಿ 188 ಕೋರ್‌ಗಳಿದ್ದವು. 2010ರ ಸಿಆರ್‌ಎಸ್-3ರಲ್ಲಿ ಸ್ಲಾಟಿನ ಸಾಮರ್ಥ್ಯ 140 ಗಿಗಾಬಿಟ್, 2013ರ ಸಿಆರ್‌ಎಸ್-ಎಕ್ಸ್‌ನಲ್ಲಿ 400. ಅದೇ ಸಂಸ್ಥೆ 2019ರಲ್ಲಿ ಪ್ರಕಟಿಸಿದ 8000 ಸರಣಿಯಲ್ಲಿ 400 ಗಿಗಾಬಿಟ್‌ನ 36 ಪೋರ್ಟುಗಳಿರುವ ಕಾರ್ಡ್ ಬಂತು: ಒಟ್ಟು 14.4 ಟೆರಾಬಿಟ್, ಅಂದರೆ ಹದಿನೈದು ವರ್ಷದಲ್ಲಿ 360 ಪಟ್ಟು. ಜೂನಿಪರ್, ನೋಕಿಯಾ, ಹುವಾವೇ ಕೂಡ ಈ ಪೈಪೋಟಿಯಲ್ಲಿವೆ.

ಆದರೆ ಪ್ರತಿ ಬಿಟ್ಟಿಗೆ ಹೊರಬೀಳುವ ಶಾಖ ಅದೇ ವೇಗದಲ್ಲಿ ತಗ್ಗಿಲ್ಲ. ನಗರದಿಂದ ನಗರಕ್ಕೆ ಬೆಳಕು ಕಳಿಸುವ 400 ಗಿಗಾಬಿಟ್ ಮಾಡ್ಯೂಲ್ ಒಂದಕ್ಕೇ ಸುಮಾರು 15ರಿಂದ 20 ವ್ಯಾಟ್ ಬೇಕು. 36 ಪೋರ್ಟುಗಳಲ್ಲೂ ಇವನ್ನೇ ತುಂಬಿದರೆ ಮಾಡ್ಯೂಲ್‌ಗಳ ಖರ್ಚೇ 500 ವ್ಯಾಟ್ ದಾಟುತ್ತದೆ, ಚಿಪ್‌ಗಳ ಲೆಕ್ಕ ಬೇರೆ. ಹಳೆಯ ಎಕ್ಸ್‌ಚೇಂಜ್ ಕಟ್ಟಡದಲ್ಲಿ ಇಂಥ ಕಾರ್ಡ್ ಹಾಕುವ ಮುನ್ನ ಅಲ್ಲಿನ ವಿದ್ಯುತ್ ಮತ್ತು ಎಸಿ ಅದನ್ನು ತಾಳುತ್ತವೆಯೇ ಎಂದು ನೋಡಲೇಬೇಕು.