ಮನ್ರೋಲಪ್ಪ: ತೆರಿಗೆ ಸಾಹೇಬನಿಗೆ ಸಂದ ಪ್ರೀತಿ

ಎರಡು ಒಳ್ಳೆ ಮಾತಾಡಿದ ಅಪರಿಚಿತನನ್ನು ಸ್ವಂತದವನೆಂದು ಹಚ್ಚಿಕೊಳ್ಳುವುದು ಮೊಬೈಲ್ ಕಾಲದ ಕಾಯಿಲೆ ಅನ್ನುತ್ತಾರೆ. ಎಮ್ಮಿಗನೂರು, ಆದೋನಿ ಕಡೆಯ ಚರಿತ್ರೆ ನೋಡಿದರೆ ಇದಕ್ಕೆ ಇನ್ನೂರು ವರ್ಷ ವಯಸ್ಸು.

ಈಗ ಆಂಧ್ರದಲ್ಲಿರುವ ಈ ಸೀಮೆ 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1800ರಲ್ಲಿ ನಿಜಾಮ ಇದನ್ನು ಬಳ್ಳಾರಿ, ಕಡಪ ಸೀಮೆಗಳ ಜೊತೆ ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟ. ಕಂದಾಯ ಎತ್ತಲು ಬಂದವನು ಥಾಮಸ್ ಮನ್ರೋ. ನಮ್ಮವರಿಗೂ ಅವನು ಹೊಸಬನಲ್ಲ. ಅದಕ್ಕೂ ಮೊದಲು ನಮ್ಮ ಕೆನರಾ ಜಿಲ್ಲೆಯ ಕಲೆಕ್ಟರ್ ಆಗಿದ್ದು, ಇಲ್ಲಿಯ ಮಳೆ, ಕೆಲಸದ ಹೊರೆ ಸಾಕೆಂದು ವರ್ಗಾವಣೆ ಕೇಳಿ ಹೋದವನು.

ಪಾಳೆಯಗಾರರ ಕಾಟ, ಸೈನ್ಯಗಳ ಓಡಾಟದಲ್ಲಿ ನಲುಗಿದ್ದ ಆ ಬಯಲಿನಲ್ಲಿ ಮನ್ರೋ ವರ್ಷಗಟ್ಟಲೆ ಡೇರೆಯಲ್ಲೇ ಬದುಕಿದ. ಹಳ್ಳಿಯಿಂದ ಹಳ್ಳಿಗೆ ತಿರುಗಿ ರೈತರ ಅಹವಾಲು ಕೇಳಿದ. ಅಷ್ಟಕ್ಕೇ ಜನ ಸೋತರು. ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು, ಅವನನ್ನು ಮಾಂಡವ ಋಷಿ ಎಂದು ಕರೆದರು. ಎಮ್ಮಿಗನೂರಿಗೆ ಹತ್ತಿರದ ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳೇ ಅವನಿಗೆ ಕಾಣಿಸಿಕೊಂಡು ಮಾತಾಡಿದರೆಂಬ ಐತಿಹ್ಯ ಇಂದಿಗೂ ಇದೆ. ನಮ್ಮ ಕರಾವಳಿಯಲ್ಲಿ ಮಗುವಿಗೆ ಅವನ ಹೆಸರಿಟ್ಟದ್ದನ್ನು ನಾನಂತೂ ಕೇಳಿಲ್ಲ.

ಇನ್ನು ಲೆಕ್ಕದ ಪುಸ್ತಕ ತೆರೆಯೋಣ. ಅವನ ಏಳು ವರ್ಷಗಳಲ್ಲಿ ಭೂಕಂದಾಯ ಸುಮಾರು 10 ಲಕ್ಷ ಪಗೋಡಾದಿಂದ 15 ಲಕ್ಷಕ್ಕೆ ಏರಿತು. ಅಂದರೆ ಜನ ಪ್ರೀತಿಸಿದ ಕಾಲದಲ್ಲೇ ಕಂಪೆನಿಯ ಖಜಾನೆಗೆ ಒಂದೂವರೆ ಪಟ್ಟು ಹೋಯಿತು. ಅಂಗಡಿಯವನ ಮಗನಾದ ನನಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ಬಾಕಿ ಬರೆದುಕೊಂಡು ನಾಲ್ಕು ದಿನ ಸುಮ್ಮನಿದ್ದರೆ, ಗಿರಾಕಿ ದರ ಕೇಳುವುದನ್ನೇ ಬಿಡುತ್ತಾನೆ.

ಹಾಗೆಂದು ಮನ್ರೋ ಮೋಸಗಾರನಲ್ಲ. ಈ ತೆರಿಗೆ ರೈತನಿಗೆ ಭಾರ, ಕಾಲು ಭಾಗ ಇಳಿಸಬೇಕು ಎಂದು 1807ರಲ್ಲಿ ಅವನೇ ಮೇಲಿನವರಿಗೆ ಬರೆದ. ಅವರು ಒಪ್ಪಲಿಲ್ಲ. ಅವನು ಊರಿಗೆ ಹೋದ ಮೇಲೆ ಹಳ್ಳಿಗಳನ್ನು ಗುತ್ತಿಗೆಗೆ ಕೊಟ್ಟರು. ಗುತ್ತಿಗೆದಾರರೂ ರೈತರೂ ಹಾಳಾದರು. ಅವನೇ 1820ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದ ಮೇಲಷ್ಟೇ ಆ ಇಳಿಕೆ ಜಾರಿಯಾಯಿತು. ನಡುವಿನ ಹದಿಮೂರು ವರ್ಷ ಜನರ ಬಳಿ ಇದ್ದದ್ದು ಒಬ್ಬ ಒಳ್ಳೆಯ ಮನುಷ್ಯನ ನೆನಪು ಮಾತ್ರ, ಕೈಯಲ್ಲಿ ಹಕ್ಕು ಯಾವುದೂ ಇರಲಿಲ್ಲ.

ಕೊನೆಗೆ ಈ ಸೀಮೆಯ ಜನರನ್ನು ಮತ್ತೊಮ್ಮೆ ನೋಡಿ ಹೋಗಲು ಬಂದ ಮನ್ರೋ, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಪ್ರೀತಿ ಎರಡೂ ಕಡೆ ನಿಜವೇ ಇತ್ತೆಂದು ನಾನು ನಂಬುತ್ತೇನೆ. ಆದರೆ ಹಸಿದವನಿಗೆ ಒಂದು ತುತ್ತೂ ಹಬ್ಬದೂಟ. ಅಹವಾಲು ಕೇಳುವ ಅಧಿಕಾರಿ ದೇವರಂತೆ ಕಂಡರೆ, ಅದು ಅವನ ದೊಡ್ಡತನ ಎಷ್ಟೋ, ಅವನಿಗಿಂತ ಮೊದಲು ಯಾರೂ ಕೇಳಲಿಲ್ಲ ಎನ್ನುವುದರ ಸಾಕ್ಷಿಯೂ ಅಷ್ಟೇ.