ಪರಂಗಿಮಲೆಯಿಂದ ಶಿಮಾಬಾರಾದವರೆಗೆ

ಚೆನ್ನೈಯಲ್ಲಿ ಜೋರು ಮಳೆ ಬಂದರೆ ಶಾಲೆಗಳಿಗೆ ರಜೆ. ಕಳೆದ ನವೆಂಬರಿನ ಅಂಥದೊಂದು ರಜೆಯ ದಿನ ಮಗಳು ಬೆಳಗ್ಗೆಯಿಂದ ಲ್ಯಾಪ್‌ಟಾಪಿನಲ್ಲಿ ಒಂದು ಹಳೆಯ ಜಪಾನೀ ಅನಿಮೆ ನೋಡುತ್ತಿದ್ದಳು. ಊಟಕ್ಕೆ ಕರೆದಾಗ ಎದ್ದು ಬಂದವಳು, "ಅಪ್ಪಾ, ಜಪಾನಿನಲ್ಲಿ ಕ್ರಿಶ್ಚಿಯನ್ನರು ಇದ್ರಾ? ಅವರನ್ನ ಯಾಕೆ ಕೊಲ್ತಾ ಇದ್ರು?" ಎಂದು ಕೇಳಿದಳು. ಇದ್ದರು ಎಂದೆ. ಎರಡನೆಯ ಪ್ರಶ್ನೆಯ ಉತ್ತರ ಊಟ ಮುಗಿಯುವುದರೊಳಗೆ ಹೇಳಿ ಮುಗಿಸುವಂಥದ್ದಾಗಿರಲಿಲ್ಲ. ಅಂದು ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಮುಂದುವರಿಸುತ್ತಿದ್ದೇನೆ.

ಅವಳು ನೋಡುತ್ತಿದ್ದದ್ದು 'ರುರೋನಿ ಕೆನ್ಶಿನ್'. ನೊಬುಹಿರೊ ವಾತ್ಸುಕಿ ಬರೆದ ಚಿತ್ರಕಥೆಯನ್ನು ಆಧರಿಸಿ 1996ರಿಂದ 1998ರವರೆಗೆ ಜಪಾನಿನ ಟೀವಿಯಲ್ಲಿ ಬಂದ ಸರಣಿ. ಇನ್ನು ಯಾರನ್ನೂ ಕೊಲ್ಲುವುದಿಲ್ಲ ಎಂದು ಶಪಥ ಮಾಡಿದ ಹಳೆಯ ಕತ್ತಿವರಸೆಗಾರ ಕೆನ್ಶಿನ್ ಅದರ ನಾಯಕ. ಸರಣಿಯ ನಡುವೆ, ಮೂಲ ಚಿತ್ರಕಥೆಯಲ್ಲಿ ಇಲ್ಲದ ಒಂದು ಉಪಕಥೆ ಬರುತ್ತದೆ. ಅಮಾಕುಸಾ ಶೋಗೊ ಎಂಬವನು ಬಚ್ಚಿಟ್ಟುಕೊಂಡು ಬದುಕುತ್ತಿರುವ ಕ್ರೈಸ್ತರ ಮುಂದಾಳು. ಅನುಯಾಯಿಗಳಿಗೆ ಅವನು ದೇವಪುತ್ರ. ಕೆನ್ಶಿನ್ ಕಲಿತ ಕತ್ತಿವಿದ್ಯೆಯನ್ನೇ ಅವನೂ ಕಲಿತಿದ್ದಾನೆ. ತನ್ನ ಜನರಿಗೆ ಒಂದು ಪುಣ್ಯಭೂಮಿ ಕಟ್ಟಿಕೊಡುವುದು ಅವನ ಹಟ. ಅವನ ತಂಗಿ ಸಾಯೊ ಕಡೆಗೆ ಸಾಯುತ್ತಾಳೆ. ಮಗಳು ಅತ್ತದ್ದು ಅಲ್ಲಿ.

ಈ ಶೋಗೊ ಕಲ್ಪನೆಯ ಪಾತ್ರ. ಅವನ ಹೆಸರಿನ ಹಿಂದೆ ಇರುವ ಅಮಾಕುಸಾ ಶಿರೊ ಮಾತ್ರ ನಿಜವಾಗಿ ಬದುಕಿದ್ದ ಹುಡುಗ. ಅವನವರೆಗೆ ತಲುಪುವ ದಾರಿಯ ಒಂದು ತುದಿ ನಮ್ಮ ಮನೆಗೆ ತೀರಾ ಹತ್ತಿರದಲ್ಲಿದೆ.

ಪಲ್ಲಾವರಂ ನಿಲ್ದಾಣದಲ್ಲಿ ಬೀಚ್ ಕಡೆಯ ಲೋಕಲ್ ಟ್ರೇನು ಹತ್ತಿದರೆ ತಿರುಶೂಲಂ, ಮೀನಂಬಾಕ್ಕಂ, ಪಳವಂತಾಂಗಲ್ ಆದ ಮೇಲೆ ನಾಲ್ಕನೆಯದು ಸೇಂಟ್ ಥಾಮಸ್ ಮೌಂಟ್. ತಮಿಳರು ಅದನ್ನು ಪರಂಗಿಮಲೆ ಎನ್ನುತ್ತಾರೆ. ನಮ್ಮ ಪರಂಗಿ ಹಣ್ಣಿನ, ಬಂಟ್ವಾಳದ ಹತ್ತಿರದ ಫರಂಗಿಪೇಟೆಯ ಪರಂಗಿಯೇ ಅದು. ಯೇಸುವಿನ ಶಿಷ್ಯ ಥಾಮಸ್ ಈ ಗುಡ್ಡದ ಮೇಲೆ ಪ್ರಾಣ ಬಿಟ್ಟ ಎಂಬುದು ನಂಬಿಕೆ. 1547ರಲ್ಲಿ ಪೋರ್ಚುಗೀಸರು ಅಗೆಯುವಾಗ ಪಹ್ಲವಿ ಲಿಪಿ ಕೆತ್ತಿದ ಒಂದು ಕಲ್ಲಿನ ಶಿಲುಬೆ ಸಿಕ್ಕಿತು. ಅಂದರೆ ಪೋರ್ಚುಗೀಸರಿಗಿಂತ ನೂರಾರು ವರ್ಷ ಮೊದಲೇ ಪರ್ಷಿಯಾದ ನಂಟಿದ್ದ ಕ್ರೈಸ್ತರು ಇಲ್ಲಿದ್ದರು. ಆ ಶಿಲುಬೆ ಇಂದಿಗೂ ಗುಡ್ಡದ ಮೇಲಿನ ಇಗರ್ಜಿಯಲ್ಲಿದೆ.

ಶಿಲುಬೆ ಸಿಗುವುದಕ್ಕೆ ಎರಡು ವರ್ಷ ಮೊದಲು, 1545ರಲ್ಲಿ, ಫ್ರಾನ್ಸಿಸ್ ಝೇವಿಯರ್ ಎಂಬ ಜೆಸುಯಿಟ್ ಪಾದ್ರಿ ಮೈಲಾಪುರಕ್ಕೆ ಬಂದ. ಥಾಮಸನ ಸಮಾಧಿಯ ಬಳಿ ಕೆಲವು ತಿಂಗಳು ತಂಗಿ, ಮುಂದೆ ಎಲ್ಲಿಗೆ ಹೋಗಬೇಕೆಂದು ತೋಚದೆ ಪ್ರಾರ್ಥನೆಯಲ್ಲಿ ಕಾಲ ಕಳೆದ. ಪೂರ್ವದ ದ್ವೀಪಗಳಿಗೆ ಹೋಗುವುದೆಂದು ಅಲ್ಲಿಯೇ ತೀರ್ಮಾನಿಸಿ ಮಲಾಕಾಕ್ಕೆ ಹಡಗು ಹತ್ತಿದ. 1547ರ ಕೊನೆಗೆ ಅಲ್ಲಿ ಅವನಿಗೆ ಸಿಕ್ಕವನು ಅಂಜಿರೊ. ಕಾಗೊಶಿಮಾದವನು, ಊರಲ್ಲಿ ಒಬ್ಬನನ್ನು ಕೊಂದು ಪೋರ್ಚುಗೀಸ್ ಹಡಗಿನಲ್ಲಿ ತಲೆತಪ್ಪಿಸಿಕೊಂಡು ಬಂದಿದ್ದ. ಝೇವಿಯರ್ ಅವನನ್ನು ಗೋವೆಗೆ ಕಳಿಸಿದ. 1548ರಲ್ಲಿ ಗೋವೆಯಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು. ಅಲ್ಲಿನ ಸೇಂಟ್ ಪಾಲ್ಸ್ ಕಾಲೇಜಿನಲ್ಲಿ ಓದಿದ. ಮರುವರ್ಷ ಆಗಸ್ಟ್ 15ರಂದು ಝೇವಿಯರ್ ಕಾಗೊಶಿಮಾದಲ್ಲಿ ಇಳಿದಾಗ ಜೊತೆಗೆ ಅಂಜಿರೊ ಇದ್ದ, ಅಮಾದೊರ್ ಎಂಬ ಮಲಬಾರಿನ ಸೇವಕನೂ ಇದ್ದ.

ಜಪಾನೀಯರು ಇವರನ್ನು ಮೊದಲಿಗೆ ತೆಂಜಿಕುವಿನಿಂದ ಬಂದವರು ಎಂದುಕೊಂಡರು. ತೆಂಜಿಕು ಎಂದರೆ ಭಾರತ, ಬುದ್ಧ ಹುಟ್ಟಿದ ದೇಶ. ಗೋವೆಯಿಂದ ಬಂದವರು ತಾನೇ! 'ದೇವರು' ಎಂಬುದಕ್ಕೆ ಅಂಜಿರೊ ಹುಡುಕಿಕೊಟ್ಟ ಪದ 'ದೈನಿಚಿ', ಅದು ವೈರೋಚನ ಬುದ್ಧನ ಹೆಸರು. ಹೀಗೆ ಕೆಲಕಾಲ ಕ್ರೈಸ್ತಮತ ಜಪಾನಿನಲ್ಲಿ ಭಾರತದಿಂದ ಬಂದ ಇನ್ನೊಂದು ಬೌದ್ಧ ಪಂಥದಂತೆ ಕಂಡಿತು. ತಪ್ಪು ಗೊತ್ತಾದಾಗ ಝೇವಿಯರ್ ಆ ಪದ ಬಿಟ್ಟು ಲ್ಯಾಟಿನ್ನಿನ 'ದೇವುಸ್' ಹಿಡಿದ.

ಅರುವತ್ತು ವರ್ಷಗಳಲ್ಲಿ ಜಪಾನಿನ ಕ್ರೈಸ್ತರು ಸುಮಾರು 3 ಲಕ್ಷವಾದರು. ಹಲವರು ಮನಸಾರೆ ಒಪ್ಪಿದವರು. ಆದರೆ ಪಾದ್ರಿಗಳ ಬೆನ್ನಿಗೆ ಪೋರ್ಚುಗೀಸ್ ಹಡಗು, ಹಡಗಿನಲ್ಲಿ ರೇಷ್ಮೆ, ಕೋವಿ, ಮದ್ದು. ಹಡಗು ತಮ್ಮ ಬಂದರಿಗೆ ಬರಲೆಂದು ಮತಾಂತರವಾದ ದೊರೆಗಳೂ ಇದ್ದರು. ಮೊದಲು ಕ್ರೈಸ್ತನಾದ ದೊರೆ ಓಮುರಾ ಸುಮಿತಾದಾ 1580ರಲ್ಲಿ ನಾಗಾಸಾಕಿ ಬಂದರನ್ನೇ ಜೆಸುಯಿಟರಿಗೆ ಬಿಟ್ಟುಕೊಟ್ಟ. ಕೆಲವು ಕ್ರೈಸ್ತ ದೊರೆಗಳ ಸೀಮೆಯಲ್ಲಿ ಬೌದ್ಧ ಗುಡಿಗಳಿಗೆ ಬೆಂಕಿ ಬಿತ್ತು. ಪೋರ್ಚುಗೀಸ್ ವ್ಯಾಪಾರಿಗಳು ಜಪಾನೀಯರನ್ನೇ ಗುಲಾಮರಾಗಿ ಕೊಂಡು ಸಾಗಿಸಿದರು. ಜಪಾನನ್ನು ಒಂದುಗೂಡಿಸುತ್ತಿದ್ದ ಹಿದೆಯೋಶಿ 1587ರಲ್ಲಿ ಪಾದ್ರಿಗಳು ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದಾಗ ಅವನ ಸಂಶಯಕ್ಕೆ ಕಾರಣಗಳಿದ್ದವು. ಅದರ ಬೆಲೆ ತೆತ್ತವರು ಮಾತ್ರ ಬೇರೆಯವರು.

1597ರ ಫೆಬ್ರುವರಿ 5ರಂದು ನಾಗಾಸಾಕಿಯ ಗುಡ್ಡದ ಮೇಲೆ 26 ಮಂದಿಯನ್ನು ಶಿಲುಬೆಗೇರಿಸಿ ಈಟಿಯಿಂದ ತಿವಿದು ಕೊಂದರು. ಅವರಲ್ಲಿ ಒಬ್ಬ ಮುಂಬಯಿ ಬಳಿಯ ವಸಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ. ತಂದೆ ಪೋರ್ಚುಗೀಸ್, ತಾಯಿ ವಸಯಿಯವಳು. ಜಪಾನೀ ಭಾಷೆ ಚೆನ್ನಾಗಿ ಬಲ್ಲ ಅವನು ಹಿದೆಯೋಶಿಯ ಎದುರು ದುಭಾಷಿಯಾಗಿ ನಿಂತಿದ್ದವನು. 1862ರಲ್ಲಿ ಸಂತನೆಂದು ಘೋಷಿತನಾದ. 1614ರ ಹೊತ್ತಿಗೆ ತೋಕುಗಾವಾ ಶೋಗುನರು ಕ್ರೈಸ್ತಮತವನ್ನು ದೇಶದಾದ್ಯಂತ ನಿಷೇಧಿಸಿದರು.

ಇನ್ನು ಶಿಮಾಬಾರಾ. ಕ್ಯೂಶು ದ್ವೀಪದ ಈ ಪರ್ಯಾಯದ್ವೀಪವೂ ಪಕ್ಕದ ಅಮಾಕುಸಾ ದ್ವೀಪಗಳೂ ಹಿಂದೆ ಕ್ರೈಸ್ತ ದೊರೆಗಳ ಕೈಯಲ್ಲಿದ್ದವು. ಹೊಸದಾಗಿ ಬಂದ ಮಾತ್ಸುಕುರಾ ಮನೆತನದವರು ತಮ್ಮ ಕೋಟೆ ಕಟ್ಟಲು, ಶೋಗುನನನ್ನು ಮೆಚ್ಚಿಸಲು ರೈತರ ಮೇಲೆ ತೆರಿಗೆಯ ಮೇಲೆ ತೆರಿಗೆ ಹೇರಿದರು. ಬೆಳೆ ಕೈಕೊಟ್ಟರೂ ವಸೂಲಿ ನಿಲ್ಲಲಿಲ್ಲ. ಕಟ್ಟಲಾಗದವರಿಗೆ ನಮ್ಮ ಮಲೆನಾಡಿನ ಗೊರಬಿನಂಥ ಹುಲ್ಲಿನ ಮಳೆಯಂಗಿ ತೊಡಿಸಿ, ಕೈ ಕಟ್ಟಿ, ಅದಕ್ಕೆ ಬೆಂಕಿ ಇಡುತ್ತಿದ್ದರು. ಉರಿಯಲ್ಲಿ ಅವರು ಒದ್ದಾಡುವುದನ್ನು 'ಮಳೆಯಂಗಿ ಕುಣಿತ' ಎಂದು ಕರೆಯುತ್ತಿದ್ದರು.

1637ರ ಡಿಸೆಂಬರಿನಲ್ಲಿ ರೈತರು ಎದ್ದರು. ದೊರೆ ಕಳೆದುಕೊಂಡು ಬೇಸಾಯಕ್ಕಿಳಿದಿದ್ದ ಹಳೆಯ ಸಮುರಾಯಿಗಳು ಅವರನ್ನು ಕೂಡಿಕೊಂಡರು. ಅಂಥ ಒಬ್ಬ ಸಮುರಾಯಿಯ ಮಗನೇ ಶಿರೊ, ಹದಿನಾರರ ಆಸುಪಾಸಿನ ಹುಡುಗ. ಅವನನ್ನು ದೇವರು ಕಳಿಸಿದ ಮುಂದಾಳೆಂದು ಸಾರಿ, ಹೆಂಗಸರು ಮಕ್ಕಳು ಸೇರಿ ಸುಮಾರು 37,000 ಜನ ಪಾಳುಬಿದ್ದ ಹಾರಾ ಕೋಟೆ ಹೊಕ್ಕರು. ಸುತ್ತುವರಿದ ಶೋಗುನನ ಸೈನ್ಯ 1,20,000ಕ್ಕೂ ಹೆಚ್ಚು. ಸಮುದ್ರದ ಕಡೆಯಿಂದ ಡಚ್ಚರ ಹಡಗು ಕೋಟೆಯ ಮೇಲೆ 400ಕ್ಕೂ ಹೆಚ್ಚು ಗುಂಡು ಹಾರಿಸಿತು. ಡಚ್ಚರೂ ಕ್ರೈಸ್ತರೇ, ಪೋರ್ಚುಗೀಸರ ವ್ಯಾಪಾರ ತಮಗೆ ಸಿಗಬೇಕಿತ್ತು. 1638ರ ಏಪ್ರಿಲಿನಲ್ಲಿ, ಒಳಗೆ ಊಟವೂ ಮದ್ದೂ ಮುಗಿದ ಮೇಲೆ, ಕೋಟೆ ಬಿತ್ತು. ಒಳಗಿದ್ದವರನ್ನು ಹೆಚ್ಚುಕಡಿಮೆ ಎಲ್ಲರನ್ನೂ ಕೊಂದರು. ಬದುಕಿದವನೆಂದು ಹೆಸರು ಸಿಗುವುದು ಯಾಮಾದಾ ಎಮೊಸಾಕು ಎಂಬ ಚಿತ್ರಗಾರನದು. ಅವನು ಶತ್ರುಗಳೊಂದಿಗೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡಿದ್ದ. ದಂಗೆಗೆ ಕಾರಣನಾದ ಮಾತ್ಸುಕುರಾನ ತಲೆಯನ್ನೂ ಶೋಗುನ್ ಸರ್ಕಾರ ಕಡಿಸಿತು. ಈಚಿನ ಉತ್ಖನನದಲ್ಲಿ ಹಾರಾ ಕೋಟೆಯ ಮಣ್ಣಿನಿಂದ ಸೀಸದ ಪುಟ್ಟ ಶಿಲುಬೆಗಳು ಎದ್ದುಬಂದವು, ಕೋವಿಯ ಗುಂಡು ಕರಗಿಸಿ ಮಾಡಿಕೊಂಡವು.

ಅನಿಮೆಗೆ ಬೇಕಾದದ್ದು ಈ ಶಿರೊ. ಆದರೆ ಜಪಾನಿನಲ್ಲಿ ಆ ನಂಬಿಕೆ ಉಳಿದದ್ದು ಹಾರಾ ಕೋಟೆಯಿಂದಲ್ಲ. ಕೋಟೆಗೆ ಹೋಗದೆ ಮನೆಯಲ್ಲೇ ಉಳಿದು, ಅಧಿಕಾರಿಗಳ ಮುಂದೆ ತಲೆಬಾಗಿದವರಿಂದ ಉಳಿಯಿತು.

ನಾಗಾಸಾಕಿ ಸೀಮೆಯಲ್ಲಿ ವರ್ಷಕ್ಕೊಮ್ಮೆ ಜನರನ್ನು ಸಾಲಾಗಿ ನಿಲ್ಲಿಸಿ ಯೇಸುವಿನ ಅಥವಾ ಮರಿಯಮ್ಮನ ಚಿತ್ರವಿರುವ ಫಲಕವನ್ನು ತುಳಿಸುತ್ತಿದ್ದರು. ಅದಕ್ಕೆ ಫುಮಿಯೆ ಎಂದು ಹೆಸರು. ಕಾಲು ತಗಲಿ ಮುಖ ಸವೆದುಹೋದ ಹಿತ್ತಾಳೆಯ ಫುಮಿಯೆಗಳು ಇಂದಿಗೂ ಮ್ಯೂಸಿಯಮ್ಮಿನಲ್ಲಿವೆ. ಪ್ರತಿ ಮನೆಯೂ ಬೌದ್ಧ ಗುಡಿಯೊಂದರಲ್ಲಿ ಹೆಸರು ಬರೆಸಬೇಕಿತ್ತು. ಗುಟ್ಟಿನ ಕ್ರೈಸ್ತರು ಹೆಸರು ಬರೆಸಿದರು, ಫಲಕ ತುಳಿದರು, ಮನೆಗೆ ಬಂದು ಪಶ್ಚಾತ್ತಾಪದ ಪ್ರಾರ್ಥನೆ ಹೇಳಿಕೊಂಡರು. ಪಾದ್ರಿಯೇ ಇಲ್ಲದ ಊರಲ್ಲಿ ದೀಕ್ಷಾಸ್ನಾನ ಮಾಡಿಸಲು ಒಬ್ಬ, ಹಬ್ಬದ ದಿನಗಳ ಲೆಕ್ಕ ಇಡಲು ಒಬ್ಬ ಎಂದು ತಮ್ಮೊಳಗೇ ಕೆಲಸ ಹಂಚಿಕೊಂಡರು. ಲ್ಯಾಟಿನ್ ಪ್ರಾರ್ಥನೆಗಳು ಬಾಯಿಂದ ಬಾಯಿಗೆ ಸಾಗಿ, ಅರ್ಥ ಕಳಚಿ, 'ಒರಾಶೊ' ಎಂಬ ಪಠಣವಾಗಿ ಉಳಿದವು. ಅರ್ಥ ತಿಳಿಯದೆಯೇ ಅಜ್ಜಿಯ ಬಾಯಿಂದ ಮಂತ್ರ ಕಲಿತ ನಮಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸಬಾರದು.

ಮರಿಯಮ್ಮನ ಮೂರ್ತಿ ಇಟ್ಟುಕೊಂಡರೆ ತಲೆ ಹೋಗುತ್ತಿತ್ತು. ಹಾಗಾಗಿ ಮಗುವನ್ನು ಎತ್ತಿಕೊಂಡ ಕನ್ನೋನಳ ಮೂರ್ತಿಯನ್ನು ಮನೆಯಲ್ಲಿಟ್ಟು ಅವಳನ್ನೇ ಮರಿಯಮ್ಮನೆಂದು ಕೈಮುಗಿದರು. ಈ ಕನ್ನೋನ್ ನಮ್ಮ ಅವಲೋಕಿತೇಶ್ವರ. ಚೀನಾ ದಾಟುವಾಗ ಹೆಣ್ಣುರೂಪ ತಾಳಿದವನು. ಮಂಗಳೂರಿನ ಕದ್ರಿ ದೇವಸ್ಥಾನಕ್ಕೆ ಹೋದವರು ಅವನನ್ನು ನೋಡಿಯೇ ಇರುತ್ತೀರಿ. ಆಳುಪ ದೊರೆ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ಮೂರ್ತಿ ಇಂದು ಮಂಜುನಾಥನ ಸನ್ನಿಧಿಯಲ್ಲಿ ಪೂಜೆಗೊಳ್ಳುತ್ತದೆ. ಚಿಕ್ಕವನಿದ್ದಾಗ ನಾನು ಕೈಮುಗಿದದ್ದು ಶಿವನ ಒಂದು ರೂಪವೆಂದುಕೊಂಡು.

ಇಲ್ಲಿಗೆ ನಿಲ್ಲಿಸಿದರೆ ಇದು ಕ್ರೈಸ್ತರ ಕಷ್ಟದ ಕಥೆ ಮಾತ್ರವಾಗುತ್ತದೆ. ಆದರೆ ಅದೇ ಝೇವಿಯರ್ 1546ರಲ್ಲಿ ಪೋರ್ಚುಗಲ್ಲಿನ ರಾಜನಿಗೆ ಪತ್ರ ಬರೆದು ಗೋವೆಗೆ ಇಂಕ್ವಿಸಿಶನ್ ನ್ಯಾಯಾಲಯ ಬೇಕೆಂದು ಕೇಳಿದ್ದ. ಅವನು ಸತ್ತ ಮೇಲೆ, 1560ರಲ್ಲಿ, ಅದು ಬಂತು. ಆ ದಶಕದಲ್ಲಿ ಗೋವೆಯ ಗುಡಿಗಳು ಕೆಡವಲ್ಪಟ್ಟಾಗ ಮಂಗೇಶ, ಶಾಂತಾದುರ್ಗೆಯಂಥ ದೇವರುಗಳನ್ನು ಭಕ್ತರು ಹೊತ್ತು ಹೊಳೆ ದಾಟಿಸಿ ಫೋಂಡಾ ಸೀಮೆಗೆ ತಂದರು. ಅದು ಆಗ ಬಿಜಾಪುರದ ಸುಲ್ತಾನನ ಆಳ್ವಿಕೆಯಲ್ಲಿತ್ತು. ಮತಾಂತರವಾದವರೂ ನೆಮ್ಮದಿಯಲ್ಲಿರಲಿಲ್ಲ. 1736ರ ಆಜ್ಞೆಯೊಂದು ಅಂಗಳದಲ್ಲಿ ತುಳಸಿ ನೆಡುವುದನ್ನೂ ಉಪ್ಪಿಲ್ಲದೆ ಅನ್ನ ಬೇಯಿಸುವುದನ್ನೂ ನಿಷೇಧಿಸಿತು. ಅತ್ತ ಜಪಾನಿನಲ್ಲಿ ಒಳಗೊಳಗೆ ಕ್ರೈಸ್ತರೇ ಎಂದು ತಡಕಾಡುತ್ತಿದ್ದ ಕಾಲಕ್ಕೆ ಇತ್ತ ಗೋವೆಯಲ್ಲಿ ಒಳಗೊಳಗೆ ಹಿಂದೂಗಳೇ ಎಂದು ತಡಕಾಡುತ್ತಿದ್ದರು. ಗೋವೆಯಿಂದ ತಪ್ಪಿಸಿಕೊಂಡ ಸಾರಸ್ವತರೂ ಕೊಂಕಣಿ ಕ್ರೈಸ್ತರೂ ನಮ್ಮ ಕರಾವಳಿಗೆ ಬಂದು ನೆಲೆಸಿದರು. ಅದೇ ಕ್ರೈಸ್ತರ ಮೊಮ್ಮಕ್ಕಳನ್ನು 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಟಿಪ್ಪು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ. ಎಷ್ಟು ಜನ ಎಂಬ ಲೆಕ್ಕದ ಜಗಳ ಇನ್ನೂ ಮುಗಿದಿಲ್ಲ. ಉಳಿದವರು ಊರಿಗೆ ಮರಳಿದ್ದು 1799ರಲ್ಲಿ ಅವನು ಸತ್ತ ಮೇಲೆ. ಹಿದೆಯೋಶಿಯ ಸಂಶಯವೇ ಅಲ್ಲೂ ಕೆಲಸ ಮಾಡಿತ್ತು: ಇವರ ಪ್ರಾರ್ಥನೆಯ ಹಿಂದೆ ಯಾರ ಹಡಗಿದೆ?

ಜಪಾನಿನ ಕಥೆಗೆ ಮರಳೋಣ. 1865ರ ಮಾರ್ಚ್ 17ರಂದು ನಾಗಾಸಾಕಿಯಲ್ಲಿ ವಿದೇಶಿಯರಿಗೆಂದು ಹೊಸದಾಗಿ ಕಟ್ಟಿದ ಓವುರಾ ಇಗರ್ಜಿಗೆ ಉರಾಕಾಮಿ ಹಳ್ಳಿಯ ಕೆಲವರು ಬಂದರು. ಅವರಲ್ಲಿ ಒಬ್ಬ ಹೆಂಗಸು ಫ್ರೆಂಚ್ ಪಾದ್ರಿ ಪೆತಿಜಾನರ ಹತ್ತಿರ ಬಂದು, ನಿಮ್ಮ ಮನಸ್ಸೂ ನಮ್ಮ ಮನಸ್ಸೂ ಒಂದೇ ಎಂದು ಪಿಸುಗುಟ್ಟಿ, ಮರಿಯಮ್ಮನ ಮೂರ್ತಿ ಎಲ್ಲಿದೆ ಎಂದು ಕೇಳಿದಳು. ಇನ್ನೂರಕ್ಕೂ ಹೆಚ್ಚು ವರ್ಷ ಪಾದ್ರಿಯನ್ನೇ ಕಾಣದವರು ಅವರು. ಹೊರಗೆ ಬಂದದ್ದಕ್ಕೆ ಶಿಕ್ಷೆಯೂ ಆಯಿತು. ಉರಾಕಾಮಿಯ ಸುಮಾರು 3,400 ಮಂದಿಯನ್ನು ದೂರದ ಸೀಮೆಗಳಿಗೆ ಗಡೀಪಾರು ಮಾಡಿದರು. 600ಕ್ಕೂ ಹೆಚ್ಚು ಜನ ಅಲ್ಲೇ ಸತ್ತರು. ಪಾಶ್ಚಾತ್ಯ ದೇಶಗಳ ಒತ್ತಡಕ್ಕೆ ಮಣಿದು ಸರ್ಕಾರ ನಿಷೇಧದ ಹಲಗೆಗಳನ್ನು ಕೆಳಗಿಳಿಸಿದ್ದು 1873ರಲ್ಲಿ. ಅನಿಮೆಯ ಕಥೆ ನಡೆಯುವುದು 1878ರ ಆಸುಪಾಸು. ಆಗ ಉರಾಕಾಮಿಯವರು ಊರಿಗೆ ಮರಳಿ ಗದ್ದೆ ಉಳುತ್ತಿದ್ದರು, ಇಗರ್ಜಿಗೆ ದುಡ್ಡು ಕೂಡಿಸುವ ಮಾತಾಡುತ್ತಿದ್ದರು. ಅವರಿಗೆ ಶೋಗೊನಂಥವನ ಕತ್ತಿ ಬೇಕಿರಲಿಲ್ಲ.

ಆ ಇಗರ್ಜಿ ಎದ್ದಿತು. 1945ರ ಆಗಸ್ಟ್ 9ರಂದು ನಾಗಾಸಾಕಿಯ ಅಣುಬಾಂಬು ಸಿಡಿದದ್ದು ಅಲ್ಲಿಂದ ಸುಮಾರು 500 ಮೀಟರ್ ದೂರದಲ್ಲಿ. ಉರಾಕಾಮಿಯ 12,000 ಕ್ರೈಸ್ತರಲ್ಲಿ ಸುಮಾರು 8,500 ಮಂದಿ ಸತ್ತರೆಂದು ಲೆಕ್ಕ. ಬಾಂಬು ಹಾಕಿದವರದೂ ಕ್ರೈಸ್ತರೇ ಹೆಚ್ಚಾಗಿರುವ ದೇಶ.

ಮಳೆ ನಿಂತ ಮೇಲೆ ಒಂದು ಭಾನುವಾರ ಮಗಳನ್ನು ಪರಂಗಿಮಲೆಗೆ ಕರೆದುಕೊಂಡು ಹೋದೆ. ಮೆಟ್ಟಿಲು ಹತ್ತುತ್ತಾ ಈ ಕಥೆಯನ್ನು ನನಗೆ ತಿಳಿದಷ್ಟು ಹೇಳಿದೆ. ಬರುವಾಗ ನಮ್ಮ ಪಲ್ಲಾವರಂ ಗುಡ್ಡದ ಗುಹೆಯ ವಿಷಯವೂ ಬಂತು: ಮಹೇಂದ್ರವರ್ಮ ಪಲ್ಲವ ಕೊರೆಸಿದ ಆ ಗುಹಾಲಯ ಇಂದು ದರ್ಗಾ. ಎಲ್ಲ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ. "ಹಾಗಾದ್ರೆ ಆ ಫಲಕ ತುಳಿದವರು ಹೇಡಿಗಳಲ್ವಾ ಅಪ್ಪಾ?"

ಅಲ್ಲ ಎಂದೆ. ಅವರು ತುಳಿಯದೆ ಹೋಗಿದ್ದರೆ 1865ರಲ್ಲಿ ಆ ಹೆಂಗಸು ಬಂದು ಮರಿಯಮ್ಮನನ್ನು ಕೇಳಲು ಇರುತ್ತಲೇ ಇರಲಿಲ್ಲ ಎಂದೆ. ಅವಳು ಒಪ್ಪಿದಳೋ ಇಲ್ಲವೋ ಗೊತ್ತಾಗಲಿಲ್ಲ. ಶೋಗೊ ಈಗಲೂ ಅವಳಿಗೆ ಇಷ್ಟ.