ಒಂದು ಸೀಸೆ, ಒಂದು ಪ್ರಶ್ನೆ



ಒಮ್ಮೆ ಬೆಳಗಿನ ಕಾರ್ಯಕ್ರಮದಲ್ಲಿ ಆರೋಗ್ಯದ ಸಲಹೆಯೊಂದನ್ನು ಓದಿ, ಕೊನೆಗೆ 'ಎಂದು ತಜ್ಞರು ಹೇಳುತ್ತಾರೆ' ಅಂತ ಸೇರಿಸಿದ್ದೆ. ಮುಂದಿನ ಹಾಡು ಮುಗಿಯುವಷ್ಟರಲ್ಲಿ ಡೊಂಬಿವಲಿಯಿಂದ ಫೋನು ಬಂತು. ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು. "ಯಾವ ತಜ್ಞರು ತಂಗಿ? ಅವರಿಗೆ ಹೆಸರಿಲ್ಲೇನು?" ನನ್ನಲ್ಲಿ ಉತ್ತರ ಇರಲಿಲ್ಲ. ಕೈಗೆ ಬಂದ ಹಾಳೆಯನ್ನು ನಾನು ಹಾಗೆಯೇ ಓದಿಬಿಟ್ಟಿದ್ದೆ.

ಆ ಪ್ರಶ್ನೆ ನೆನಪಾದಾಗಲೆಲ್ಲ ನಮ್ಮ ಪರೇಲಿನ ಹಾಫ್‌ಕಿನ್ ಸಂಸ್ಥೆಯ ಕಥೆಯೂ ನೆನಪಾಗುತ್ತದೆ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಮರುತಿಂಗಳೇ ಇಲ್ಲಿಗೆ ಬಂದವರು ವಾಲ್ಡೆಮಾರ್ ಹಾಫ್‌ಕಿನ್. ಹುಟ್ಟಿದ್ದು ಒಡೆಸ್ಸಾದಲ್ಲಿ, ಓದಿದ್ದು ಪ್ರಾಣಿಶಾಸ್ತ್ರ, ಅವರು ವೈದ್ಯರಲ್ಲ. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಸಿಕ್ಕ ಪುಟ್ಟ ಜಾಗದಲ್ಲೇ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲ ಸೂಜಿಯನ್ನು ತಮಗೇ ಚುಚ್ಚಿಸಿಕೊಂಡರು. ಅದೇ ತಿಂಗಳು ಬೈಕಲಾ ಜೈಲಿನಲ್ಲಿ ಪ್ಲೇಗು ಬಂದಾಗ, ಒಪ್ಪಿಕೊಂಡ ಕೈದಿಗಳಿಗೆ ಮಾತ್ರ ಲಸಿಕೆ ಹಾಕಿ, ಹಾಕಿಸಿಕೊಳ್ಳದವರೊಂದಿಗೆ ಹೋಲಿಸಿ ನೋಡಿದರು. ಹಾಕಿಸಿಕೊಂಡವರಲ್ಲಿ ರೋಗ ಎದ್ದು ಕಾಣುವಷ್ಟು ಕಡಿಮೆಯಿತ್ತು.

ಸೂಜಿಯೆಂದರೆ ಜನ ಹೆದರುತ್ತಿದ್ದ ಕಾಲ ಅದು. ಹೆದರಿದ್ದರಲ್ಲಿ ತಪ್ಪೂ ಇರಲಿಲ್ಲ. ಸರ್ಕಾರದವರು ಮನೆಗಳಿಗೆ ನುಗ್ಗಿ ರೋಗಿಗಳನ್ನು ಎತ್ತಿಕೊಂಡು ಹೋಗುತ್ತಿದ್ದ ದಿನಗಳಲ್ಲಿ ನಂಬಿ ಅಂದರೆ ಯಾರು ನಂಬುತ್ತಾರೆ? ಹಾಫ್‌ಕಿನ್ ತಮ್ಮ ತೋಳು ಕೊಟ್ಟರು, ಲೆಕ್ಕ ಕೊಟ್ಟರು. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಂದಾಗ ಅಲ್ಲಿ ಸಾವಿರಾರು ಮಂದಿ ಆ ಲಸಿಕೆ ಹಾಕಿಸಿಕೊಂಡರು.

ಆಮೇಲೆ ಬಂತು 1902ರ ಅಕ್ಟೋಬರ್ 30. ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಆ ದಿನ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಬಳಸಿದ್ದು ಐದು ಸೀಸೆ. ಸತ್ತವರೆಲ್ಲರಿಗೂ ಚುಚ್ಚಿದ್ದು ಒಂದೇ ಸೀಸೆಯ ಮದ್ದು.

ಸರ್ಕಾರ ನೇಮಿಸಿದ ವಿಚಾರಣಾ ಆಯೋಗದಲ್ಲಿ ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳೇ ಇದ್ದರು. ಸೀಸೆ ಪರೇಲಿನಲ್ಲೇ ಕೆಟ್ಟಿತ್ತು ಎಂದಿತು ಆಯೋಗ. ಹಾಫ್‌ಕಿನ್ ಕಾರ್ಬಾಲಿಕ್ ಆಮ್ಲ ಬಿಟ್ಟು, ಶಾಖದಿಂದ ಲಸಿಕೆಯನ್ನು ಶುದ್ಧಿ ಮಾಡುವ ಪದ್ಧತಿಗೆ ಬಂದಿದ್ದೇ ಅವರಿಗೆ ಮುಳುವಾಯಿತು. ಹುದ್ದೆ ಹೋಯಿತು. ಅಷ್ಟು ದೊಡ್ಡವರು ಹೇಳಿದ ಮೇಲೆ ಮುಗಿಯಿತಲ್ಲ!

ಮುಗಿಯಲಿಲ್ಲ. ಸಿಕಂದರಾಬಾದಿನಲ್ಲಿ ಮಲೇರಿಯಾ ಸೊಳ್ಳೆಯ ಗುಟ್ಟು ಕಂಡುಹಿಡಿದಿದ್ದ ರೊನಾಲ್ಡ್ ರಾಸ್ ಮತ್ತಿತರರು ವಿಚಾರಣೆಯ ಕಾಗದಗಳನ್ನೇ ಮತ್ತೆ ಓದಿದರು. ಧನುರ್ವಾಯುವಿನ ಕ್ರಿಮಿ ವಾರಗಟ್ಟಲೆ ಸೀಸೆಯೊಳಗೆ ಬೆಳೆದಿದ್ದರೆ ತೆರೆದ ಕೂಡಲೇ ದುರ್ವಾಸನೆ ಬರಬೇಕಿತ್ತು. ವೈದ್ಯರು ಮೂಸಿ ನೋಡಿದ್ದರು, ವಾಸನೆ ಇರಲಿಲ್ಲ. ಅಲ್ಲದೆ, ಆ ಸೀಸೆಯ ಬಿರಡೆ ತೆಗೆಯುವ ಚಿಮಟ ನೆಲಕ್ಕೆ ಬಿದ್ದಿತ್ತು; ಸಹಾಯಕ ಅದನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಿದ್ದ. ಹಾಗಾದರೆ ಕೊಳೆ ಸೇರಿದ್ದು ಪರೇಲಿನಲ್ಲೋ, ಮುಲ್ಕೋವಾಲಿನ ನೆಲದಲ್ಲೋ?

1907ರ ಜುಲೈನಲ್ಲಿ ರಾಸ್ ಸೇರಿ ಹತ್ತು ವಿಜ್ಞಾನಿಗಳು ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಬರೆದು, ಆರೋಪ ನಿಲ್ಲುವುದಿಲ್ಲ ಎಂದರು. ಹಾಫ್‌ಕಿನ್ ಮತ್ತೆ ಭಾರತಕ್ಕೆ ಬಂದರು; ಆದರೆ ತಾವೇ ಕಟ್ಟಿದ ಪರೇಲಿನ ಪ್ರಯೋಗಶಾಲೆಗಲ್ಲ, ಕಲ್ಕತ್ತೆಗೆ. ಪರೇಲಿನ ಸಂಸ್ಥೆಗೆ ಅವರ ಹೆಸರಿಟ್ಟದ್ದು 1925ರಲ್ಲಿ.

ನನಗೆ ಕಂಡದ್ದಿಷ್ಟು. ರಾಸ್ ಬಳಿ ಹೊಸ ಸಾಕ್ಷಿ ಇರಲಿಲ್ಲ. ತೀರ್ಪು ಕೊಟ್ಟವರು ಯಾರು ಎಂದು ನೋಡಿ ಸುಮ್ಮನಾಗದೆ, ಯಾವ ಆಧಾರದ ಮೇಲೆ ಕೊಟ್ಟರು ಎಂದು ನೋಡಿದರು, ಅಷ್ಟೆ. ಪ್ರಶ್ನೆ ಕೇಳುವುದೆಂದರೆ ಸೂಜಿಯೇ ಬೇಡ ಎನ್ನುವುದಲ್ಲ. ಸರಿಯಾದ ಉತ್ತರ ಸಿಕ್ಕಾಗ ತೋಳು ಚಾಚುವುದೂ ಅದರಲ್ಲೇ ಸೇರಿದೆ.

ಈಗ ಸಲಹೆಯ ಹಾಳೆ ಬಂದರೆ, ಮೈಕಿನ ಮುಂದೆ ಕೂರುವ ಮೊದಲು ನಾನೂ ಕೇಳುತ್ತೇನೆ: ಹೇಳಿದವರು ಯಾರು, ಆಧಾರ ಏನು? ಉತ್ತರ ಸಿಗದಿದ್ದರೆ ಆ ಜಾಗದಲ್ಲಿ ನಿಮಗೆ ಒಂದು ಹಾಡು ಹೆಚ್ಚಿಗೆ ಸಿಗುತ್ತದೆ. ಡೊಂಬಿವಲಿಯ ಹಿರಿಯರಿಗೆ ನನ್ನ ನಮಸ್ಕಾರ.